ಅಕ್ಷವೂ ಅವಿಭಾಜ್ಯವೂ

ದಾಳವೊಂದನ್ನು ಒಮ್ಮೆ ಎಸೆದಾಗ ಅವಿಭಾಜ್ಯ ಸಂಖ್ಯೆಯೊಂದು ಮೇಲ್ಮುಖವಾಗಿ ಬೀಳುವ ಸಂಭವನೀಯತೆ ಎಷ್ಟೆಂಬುದು ನಮ್ಮ ಹತ್ತನೆಯ ತರಗತಿಯ ಗಣಿತದಲ್ಲಿ ಬರುವ ಒಂದು ಸಣ್ಣ ಪ್ರಶ್ನೆ. ಸೇಡಂನಲ್ಲಾಗಲಿ, ಚಿತ್ತಾಪುರದಲ್ಲಾಗಲಿ, ವಾಡಿಯ ರೈಲ್ವೆ ಜಂಕ್ಷನ್ನಿನ ಮಗ್ಗುಲಲ್ಲಾಗಲಿ, ಚಿಂಚೋಳಿಯ ಕಾಡಂಚಿನ ಹಳ್ಳಿಯಲ್ಲಾಗಲಿ, ಅದನ್ನು ಬಿಡಿಸುವ ವಿದ್ಯಾರ್ಥಿಯು ಒಂದರಿಂದ ಆರರವರೆಗೆ ಅಂಕಿಗಳನ್ನು ಬರೆದು, ಅವುಗಳಲ್ಲಿ 2, 3, 5 ಎಂಬ ಮೂರನ್ನು ಗುರುತು ಮಾಡಿ, ಆರರಲ್ಲಿ ಮೂರು ಎಂದರೆ ಅರ್ಧವೆಂದು ಉತ್ತರವಿತ್ತು ಮುಂದಿನ ಲೆಕ್ಕಕ್ಕೆ ತೆರಳುವನು. ಉತ್ತರವು ಒಂದೇ ಪಂಕ್ತಿಯದು. ಪ್ರಶ್ನೆಯಾದರೋ ಪರಸ್ಪರ ವಿರುದ್ಧ ಸ್ವಭಾವದ ಎರಡು ವಸ್ತುಗಳನ್ನು ಒಂದೇ ವಾಕ್ಯದೊಳಗೆ ತಂದು ಕೂಡಿಸಿದೆ. ಮೂರು ಅವಿಭಾಜ್ಯವೆಂಬ ಸತ್ಯವು ಕಾಲದಿಂದ ಬಾಧಿತವಾಗತಕ್ಕದ್ದಲ್ಲ. ಯಾವ ಅರಸನ ಆಜ್ಞೆಯೂ ಯಾವ ಋಷಿಯ ಶಾಪವೂ ಅದನ್ನು ಬದಲಿಸಲಾರದು. ದಾಳದ ಯಾವ ಮುಖ ಮೇಲಾಗುವುದೆಂಬುದಾದರೋ ಎಸೆದ ಕೈಗೇ ಗೊತ್ತಿಲ್ಲದ ಸಂಗತಿ. ನಿಯತವಾದುದರ ಪರಾಕಾಷ್ಠೆಯೊಂದು, ಅನಿಯತವಾದುದರ ಪ್ರತೀಕವೊಂದು ಹೀಗೆ ಕೂಡಿದಾಗ ಹುಟ್ಟಿದ ಆ 'ಅರ್ಧ'ವು ಯಾವ ಜಾತಿಯ ಜ್ಞಾನ? ಅದು ದಾಳದ ಗುಣವೋ, ನಮ್ಮ ಅರಿವಿನ ಮಿತಿಯ ಅಳತೆಯೋ, ದೈವಸಂಕಲ್ಪದ ಛಾಯೆಯೋ? ಧರ್ಮಜಿಜ್ಞಾಸುವಾದವನು ಬದಿಗೆ ತಳ್ಳಲಾಗದ ಪ್ರಶ್ನೆಯಿದು.

ಈ ವಿಚಾರವನ್ನು ಕೈಗೊಳ್ಳುವುದಕ್ಕೆ ಕಾಗಿಣಾ ನದಿಯ ದಂಡೆಗಿಂತ ಯೋಗ್ಯವಾದ ಸ್ಥಳ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ. ಅದರ ತಡಿಯಲ್ಲಿರುವ, ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿ 814ರಿಂದ 878ರವರೆಗೆ ಅಮೋಘವರ್ಷ ನೃಪತುಂಗನು ಆಳಿದನು. ಆತನ ಆಳ್ವಿಕೆಯಲ್ಲಿ, ಒಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು 'ಗಣಿತಸಾರಸಂಗ್ರಹ'ವನ್ನು ರಚಿಸಿ, ಜಿನನಿಗೆ ವಂದಿಸಿ, ಅಮೋಘವರ್ಷನನ್ನು ಸ್ತುತಿಸಿ, ಬಳಿಕ ಗಣಿತದ ಮಹಿಮೆಯನ್ನು ವರ್ಣಿಸಿದನು. ಲೌಕಿಕದಲ್ಲಾಗಲಿ ವೈದಿಕದಲ್ಲಾಗಲಿ ಧರ್ಮಾಚರಣೆಯಲ್ಲಾಗಲಿ, ವೈದ್ಯದಲ್ಲಾಗಲಿ ಪಾಕದಲ್ಲಾಗಲಿ ಛಂದಸ್ಸಿನಲ್ಲಾಗಲಿ ಎಣಿಕೆಯ ನೆರವಿಲ್ಲದೆ ನಡೆಯುವ ವ್ಯಾಪಾರವಿಲ್ಲವೆಂದೂ, ಮೂರು ಲೋಕಗಳಲ್ಲಿರುವ ಚರಾಚರವೆಲ್ಲವೂ ಗಣಿತದಿಂದ ಬೇರ್ಪಟ್ಟು ನಿಲ್ಲಲಾರದೆಂದೂ ಅವನ ಅಭಿಪ್ರಾಯ. ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರಿಗೆ ಅದರ ಬೆಲೆ ತಿಳಿಯಿತು. ನಮ್ಮ ಪ್ರಸ್ತುತ ವಿಚಾರಕ್ಕೆ ಬೇಕಾದುದು ಅದರಲ್ಲಿ ಬರುವ ಒಂದು ಸೂತ್ರ. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸಿಕೊಳ್ಳುವ ಬಗೆಗಳು ಎಷ್ಟೆಂದು ತಿಳಿಯಬೇಕಾದರೆ, ಒಂದರಿಂದ ಮೊದಲಾದ ಅಂಕಿಗಳನ್ನು ಒಂದು ಸಾಲಿನಲ್ಲಿ ಕ್ರಮವಾಗಿಯೂ ಇನ್ನೊಂದು ಸಾಲಿನಲ್ಲಿ ವ್ಯುತ್ಕ್ರಮವಾಗಿಯೂ ಇಟ್ಟು, ಒಂದರ ಗುಣಲಬ್ಧವನ್ನು ಇನ್ನೊಂದರ ಗುಣಲಬ್ಧದಿಂದ ಭಾಗಿಸಬೇಕೆಂದು ಅವನು ವಿಧಿಸಿದನು. ಉದಾಹರಣೆಗಾಗಿ ಅವನು ತೆಗೆದುಕೊಂಡದ್ದು ಆರು ರಸಗಳನ್ನು, ಮತ್ತು ವಜ್ರ, ನೀಲ, ಮರಕತ, ಹವಳ, ಮುತ್ತುಗಳಿಂದ ಪೋಣಿಸಿದ ಒಂದೆಳೆಯ ಹಾರವನ್ನು. ಆರು ರಸಗಳಿಂದ ಆಗುವ ಮಿಶ್ರಣಭೇದಗಳು ಒಟ್ಟು 63. ಸಂಭವನೀಯತೆಯ ಲೆಕ್ಕವೆಲ್ಲ ನಿಂತಿರುವುದು ಈ ಬಗೆಯ ಎಣಿಕೆಯ ಮೇಲೆ. ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರಾನ್ಸಿನ ವಿದ್ವಾಂಸರು ಜೂಜಿನ ಪಣವನ್ನು ಹಂಚುವ ವಿಷಯವಾಗಿ ಪತ್ರವ್ಯವಹಾರ ನಡೆಸಿ ಆ ಶಾಸ್ತ್ರಕ್ಕೆ ತಳಪಾಯ ಹಾಕಿದ್ದು 1654ರಲ್ಲಿ. ಅದಕ್ಕೆ ಬೇಕಾಗುವ ವಿಕಲ್ಪಗಣನೆಯು ರಾಷ್ಟ್ರಕೂಟರ ರಾಜ್ಯದಲ್ಲಿ ಅದಕ್ಕಿಂತ ಎಂಟು ಶತಮಾನಗಳ ಹಿಂದೆಯೇ ಸಾಮಾನ್ಯ ಸೂತ್ರದ ರೂಪದಲ್ಲಿ ಸಿದ್ಧವಾಗಿತ್ತು.

ಈಗ ಒಂದು ದಾಳಕ್ಕೆ ಬದಲಾಗಿ ಎರಡನ್ನು ಎಸೆಯೋಣ. ಆರು ಅಡ್ಡಸಾಲು, ಆರು ಕಂಬಸಾಲುಗಳ ಮನೆಗಳನ್ನು ಬರೆದು, ಒಂದೊಂದು ಮನೆಯಲ್ಲಿ ಎರಡು ದಾಳಗಳ ಮೊತ್ತವನ್ನು ತುಂಬುತ್ತ ಹೋದರೆ, ಸಮನಾದ ಮೊತ್ತಗಳು ಓರೆಯಾದ ಗೆರೆಗಳಲ್ಲಿ ಸಾಲುಗೂಡುವುದನ್ನು ಮಕ್ಕಳೂ ಕೂಡಲೆ ಕಂಡುಕೊಳ್ಳುತ್ತಾರೆ. ಒಂದು ಮೂಲೆಯ ಮನೆಯಲ್ಲಿ 2. ಅದರ ಪಕ್ಕದ ಓರೆಯಲ್ಲಿ ಎರಡು ಮನೆಗಳಲ್ಲಿ 3. ನಾಲ್ಕು ಮನೆಗಳಲ್ಲಿ 5. ನಟ್ಟನಡುವಿನ ಉದ್ದವಾದ ಕರ್ಣದ ಆರೂ ಮನೆಗಳಲ್ಲಿ 7. ಎದುರು ಮೂಲೆಯ ಸಮೀಪ ಎರಡು ಮನೆಗಳಲ್ಲಿ 11. ಮೂವತ್ತಾರು ಮನೆಗಳಲ್ಲಿ ಹದಿನೈದು ಅವಿಭಾಜ್ಯದ ಮನೆಗಳು. ಎಂದರೆ ಸಂಭವನೀಯತೆ 5/12, ಅರ್ಧಕ್ಕಿಂತ ತುಸು ಕಡಿಮೆ. ಮೊತ್ತದ ಬದಲು ಗುಣಲಬ್ಧವು ಅವಿಭಾಜ್ಯವಾಗಬೇಕೆಂದರೆ, ಒಂದು ದಾಳದಲ್ಲಿ 1 ಬಿದ್ದು ಇನ್ನೊಂದರಲ್ಲಿ 2, 3, 5ರಲ್ಲಿ ಒಂದು ಬೀಳಲೇಬೇಕಾದುದರಿಂದ, ಆರು ಮನೆಗಳಷ್ಟೇ ಉಳಿದು ಉತ್ತರ 1/6 ಆಗುತ್ತದೆ. ಎರಡು ದಾಳಗಳೂ ಬೇರೆಬೇರೆಯಾಗಿ ಅವಿಭಾಜ್ಯವನ್ನು ತೋರಿಸಬೇಕೆಂದರೆ ಒಂಬತ್ತು ಮನೆಗಳು ದೊರೆತು ಉತ್ತರ 1/4. ಮೂರು ದಾಳಗಳನ್ನು ಎಸೆದು ಮೊತ್ತವನ್ನು ಕೇಳಿದರೆ 216 ಬಗೆಗಳಲ್ಲಿ 73 ಅವಿಭಾಜ್ಯಗಳು. ಮೂರರಲ್ಲಿ ಒಂದು ಪಾಲಿಗಿಂತ ಅಲ್ಪಸ್ವಲ್ಪ ಹೆಚ್ಚು. ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ದಾಳಗಳು ಅವೇ ಎರಡು, ಎಸೆದ ಕೈ ಅದೇ, ನೆಲವೂ ಅದೇ. ಆದರೂ ಕೇಳಿದ ಪ್ರಶ್ನೆಗೆ ತಕ್ಕಂತೆ ಉತ್ತರಗಳು 5/12, 1/6, 1/4 ಎಂದು ಬೇರೆಯಾದವು. ಮೂರೂ ನಿಜ, ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ವಸ್ತುವನ್ನು ಯಾವ ಅಪೇಕ್ಷೆಯಿಂದ ನೋಡಿ ನುಡಿಯುತ್ತೇವೆಯೋ ಆ ಅಪೇಕ್ಷೆಯನ್ನು ಬಿಟ್ಟು ನುಡಿದ ಮಾತು ಅಪೂರ್ಣವೆಂದು ಜೈನಾಚಾರ್ಯರು ನಯವಾದದಲ್ಲಿ ಉಪದೇಶಿಸಿದುದರ ಒಂದು ನಿದರ್ಶನ ಈ ಮೂವತ್ತಾರು ಮನೆಗಳ ಹಾಳೆಯಲ್ಲಿ ಇದೆ.

ಒಂದು ಏಕೆ ಅವಿಭಾಜ್ಯಗಳ ಪಂಕ್ತಿಯಲ್ಲಿ ಸೇರದು ಎಂದು ಮಕ್ಕಳು ಕೇಳುವುದುಂಟು. ಪ್ರತಿಯೊಂದು ಸಂಖ್ಯೆಯೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ಒಂದು ಬಗೆಯಲ್ಲಿ ಬಿಡಿಸಲ್ಪಡಬೇಕೆಂಬ ನಿಯಮವನ್ನು ಉಳಿಸಿಕೊಳ್ಳುವುದಕ್ಕಾಗಿ ಆಧುನಿಕರು ಅದನ್ನು ಹೊರಗಿಟ್ಟರು. ಬೇರೊಂದು ಕಾರಣದಿಂದ ಜೈನರ 'ಅನುಯೋಗದ್ವಾರ ಸೂತ್ರ'ವೂ ಒಂದನ್ನು ಗಣನೆಯಿಂದ ಹೊರಗಿಟ್ಟು ಎಣಿಕೆಯನ್ನು ಎರಡರಿಂದ ಆರಂಭಿಸಿತು. ಸಂಖ್ಯೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತವೆಂದು ವಿಭಾಗಿಸಿ, ಆ ವಿಭಾಗಗಳಲ್ಲಿಯೂ ಒಳವಿಭಾಗಗಳನ್ನು ಮಾಡಿದ ಆ ಸಂಪ್ರದಾಯಕ್ಕೆ ಎಣಿಕೆಯು ತಪಸ್ಸಿನ ಒಂದು ಅಂಗವೇ ಆಗಿತ್ತು.

ದಾಳ ದೊರೆಯದ ಊರುಗಳಲ್ಲಿ ಮಕ್ಕಳ ಆಟಕ್ಕೆ ಹುಣಸೆಬೀಜ ಸಾಕು. ಶಹಾಬಾದಿನ ಗಣಿಗಳಿಂದ ಬಂದ ಫರಸಿಕಲ್ಲು ಹಾಸಿದ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಬೀಜದ ಒಂದು ಮೈಯನ್ನು ಅದೇ ಕಲ್ಲಿಗೆ ಉಜ್ಜಿ ಉಜ್ಜಿ, ಕಪ್ಪು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವಂತೆ ಮಾಡಿದರೆ, ಒಂದು ಮಗ್ಗುಲು ಕರಿದು, ಒಂದು ಮಗ್ಗುಲು ಬಿಳಿದಾದ ಪುಟ್ಟದೊಂದು ದಾಳವೇ ಸಿದ್ಧವಾಯಿತು. ಅಂಥ ನಾಲ್ಕು ಬೀಜಗಳನ್ನು ಎಸೆದಾಗ ಬಿಳಿಯ ಮಗ್ಗುಲು ಎಷ್ಟು ಬೀಜಗಳಲ್ಲಿ ಮೇಲಾಗುವುದೆಂಬುದನ್ನು ಮಹಾವೀರಾಚಾರ್ಯನ ಸೂತ್ರದಿಂದ ಎಣಿಸಬಹುದು. ಯಾವುದೂ ಇಲ್ಲದಿರುವುದಕ್ಕೆ ಒಂದು ಬಗೆ, ಒಂದಾಗುವುದಕ್ಕೆ ನಾಲ್ಕು, ಎರಡಾಗುವುದಕ್ಕೆ ನಾಲ್ಕು-ಮೂರುಗಳ ಗುಣಲಬ್ಧವನ್ನು ಒಂದು-ಎರಡುಗಳ ಗುಣಲಬ್ಧದಿಂದ ಭಾಗಿಸಿದರೆ ಆರು, ಮೂರಾಗುವುದಕ್ಕೆ ನಾಲ್ಕು, ನಾಲ್ಕೂ ಆಗುವುದಕ್ಕೆ ಒಂದು. ಒಟ್ಟು ಹದಿನಾರು ಬಗೆಗಳಲ್ಲಿ ಎರಡು ಇಲ್ಲವೆ ಮೂರು ಎಂಬ ಅವಿಭಾಜ್ಯ ಬೀಳುವ ಬಗೆಗಳು ಹತ್ತು, ಸಂಭವನೀಯತೆ 5/8. ಆದರೆ ಈ ಲೆಕ್ಕವು ಒಂದು ನಂಬಿಕೆಯನ್ನು ಆಶ್ರಯಿಸಿದೆ: ಬೀಜದ ಎರಡು ಮಗ್ಗುಲುಗಳೂ ಸಮಾನವಾಗಿ ಬೀಳುತ್ತವೆಂಬ ನಂಬಿಕೆ. ಉಜ್ಜಿದ ಮೈ ಚಪ್ಪಟೆಯಾಗಿ, ಉಜ್ಜದ ಮೈ ಉಬ್ಬಿಕೊಂಡಿರುವ ಬೀಜವು ಆ ನಂಬಿಕೆಗೆ ಒಪ್ಪಿ ನಡೆಯಬೇಕೆಂಬ ನಿಯಮವಿಲ್ಲ. ಎಣಿಕೆಯು ಬಗೆಗಳನ್ನು ಹೇಳಬಲ್ಲುದು. ಆ ಬಗೆಗಳ ತೂಕವನ್ನು ತಿಳಿಯಬೇಕಾದರೆ ಬೀಜವನ್ನು ನೂರಾರು ಸಲ ಎಸೆದು ನೋಡದೆ ಗತ್ಯಂತರವಿಲ್ಲ. ಅನುಮಾನಪ್ರಮಾಣವು ಪ್ರತ್ಯಕ್ಷದ ಊರುಗೋಲಿಲ್ಲದೆ ನಡೆಯಲಾರದೆಂದು ನೈಯಾಯಿಕರು ಸಾರಿದ ಸತ್ಯ ಇಲ್ಲಿಯೂ ಅನ್ವಯಿಸುತ್ತದೆ.

ನಮ್ಮ ಪೂರ್ವಿಕರ ಅಕ್ಷವೂ, ಎಂದರೆ ದಾಳವೂ, ಬೀಜವೇ ಆಗಿತ್ತು. ತ್ರಿಫಲೆಯಲ್ಲಿ ಅಳಲೆ, ನೆಲ್ಲಿಗಳೊಡನೆ ಸೇರುವ ತಾರೆಕಾಯಿಯೇ ವೈದಿಕರ ವಿಭೀತಕ. ಅದರ ಕಾಯಿಗಳಿಂದ ಆಡುತ್ತಿದ್ದ ಜೂಜಿನ ಹಾಳುಮಾಡುವ ಶಕ್ತಿಯನ್ನು ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತವು ಜೂಜುಕೋರನೊಬ್ಬನ ಪಶ್ಚಾತ್ತಾಪದ ಮೂಲಕ ವರ್ಣಿಸಿ, ಕಡೆಗೆ ಅವನಿಗೆ ಹೊಲವನ್ನು ಉಳುವಂತೆ ಬುದ್ಧಿ ಹೇಳುತ್ತದೆ. ಹಿಡಿದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿದಾಗ ನಿಶ್ಶೇಷವಾದರೆ ಕೃತ, ಮೂರು ಉಳಿದರೆ ತ್ರೇತ, ಎರಡು ಉಳಿದರೆ ದ್ವಾಪರ, ಒಂದು ಉಳಿದರೆ ಕಲಿ ಎಂದು ಆ ಆಟದ ಕ್ರಮವನ್ನು ವಿದ್ವಾಂಸರು ವಿವರಿಸಿದ್ದಾರೆ. ಯುಗಗಳಿಗೆ ನಾವು ಕೊಟ್ಟಿರುವ ಹೆಸರುಗಳು ಈ ಎಸೆತಗಳವೇ. ಕೃತವನ್ನು ಗೆದ್ದವನಿಗೆ ಕೆಳಗಿನ ಎಸೆತಗಳೆಲ್ಲ ಸೇರುವಂತೆ ಪ್ರಜೆಗಳು ಮಾಡುವ ಸತ್ಕರ್ಮವೆಲ್ಲ ರೈಕ್ವನೆಂಬ ಜ್ಞಾನಿಗೆ ಸೇರುತ್ತದೆಂದು ಛಾಂದೋಗ್ಯೋಪನಿಷತ್ತು ಉಪಮೆಯಿಟ್ಟು ಹೇಳುವಷ್ಟು ಈ ಲೆಕ್ಕ ಆ ಕಾಲದವರಿಗೆ ಪರಿಚಿತವಾಗಿತ್ತು.

ಈ ಆಟದಲ್ಲಿ ಅವಿಭಾಜ್ಯ ಸಂಖ್ಯೆಯ ಗತಿ ಏನಾಗುವುದೆಂದು ವಿಚಾರಿಸಿದರೆ ಆಶ್ಚರ್ಯಕರವಾದ ಫಲವೊಂದು ದೊರೆಯುತ್ತದೆ. ಹಿಡಿಯಲ್ಲಿ ಎಷ್ಟು ಕಾಯಿ ಬಂದಿವೆಯೆಂದು ತಿಳಿಯದಿದ್ದಾಗ ನಾಲ್ಕು ಫಲಗಳಿಗೂ ಹೆಚ್ಚುಕಡಿಮೆ ಸಮಾನವಾದ ಅವಕಾಶವುಂಟು. ಆದರೆ ಬಂದ ಸಂಖ್ಯೆಯು ಅವಿಭಾಜ್ಯವೆಂದು ಗೊತ್ತಾದ ಒಡನೆ ಕೃತದ ಅವಕಾಶವು ಸೊನ್ನೆಯಾಗುತ್ತದೆ, ಏಕೆಂದರೆ ನಾಲ್ಕರಿಂದ ನಿಶ್ಶೇಷವಾಗಿ ಭಾಗಗೊಳ್ಳುವುದು ಅದರ ಸ್ವಭಾವಕ್ಕೇ ಸಲ್ಲದು. ಎರಡೆಂಬ ಒಂದೇ ಒಂದು ಸಂಖ್ಯೆ ದ್ವಾಪರ. ಮಿಕ್ಕವುಗಳೆಲ್ಲ ಬೆಸಸಂಖ್ಯೆಗಳಾದುದರಿಂದ ತ್ರೇತವಾಗಬೇಕು ಇಲ್ಲವೆ ಕಲಿಯಾಗಬೇಕು. 3, 7, 11, 19 ತ್ರೇತ. 5, 13, 17, 29 ಕಲಿ. ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯಗಳಲ್ಲಿ ತ್ರೇತದ ಪಂಗಡಕ್ಕೆ ಹದಿಮೂರು, ಕಲಿಯ ಪಂಗಡಕ್ಕೆ ಹನ್ನೊಂದು ಸಲ್ಲುತ್ತವೆ. ಈ ಎರಡು ಪಂಗಡಗಳೂ ಅನಂತವೆಂದು ಜರ್ಮನಿಯ ಡಿರಿಕ್ಲೆ 1837ರಲ್ಲಿ ಸಾಧಿಸಿದನು. ಸಂಖ್ಯಾಮಾರ್ಗದಲ್ಲಿ ಮುಂದೆ ಮುಂದೆ ಹೋದಂತೆ ಅವಿಭಾಜ್ಯಗಳು ಈ ಎರಡು ಪಂಗಡಗಳಲ್ಲಿ ಸರಿಯರ್ಧವಾಗಿ ಹಂಚಿಹೋಗುತ್ತವೆಂಬುದೂ ಆ ಶತಮಾನ ಮುಗಿಯುವುದರೊಳಗೆ ಸಿದ್ಧವಾಯಿತು. ಯಾರೂ ಎಸೆಯದ, ಯಾರೂ ಬದಲಿಸಲಾರದ, ಅನಾದಿಯಿಂದ ನಿಶ್ಚಿತವಾದ ಸಂಖ್ಯೆಗಳು ಎರಡು ಮುಖದ ದಾಳವೊಂದನ್ನು ಎಸೆದಂತೆ ಒಮ್ಮೆ ಈ ಪಂಗಡಕ್ಕೆ ಒಮ್ಮೆ ಆ ಪಂಗಡಕ್ಕೆ ಬೀಳುತ್ತ, ಕೊನೆಗೆ ಅರ್ಧ ಅರ್ಧವೆಂಬ ಲೆಕ್ಕಕ್ಕೆ ಬಂದು ನಿಲ್ಲುತ್ತವೆ.

ಇದರ ಮರುಮುಖವನ್ನೂ ನೋಡಬೇಕು. ದಾಳದ ಒಂದು ಎಸೆತದಲ್ಲಿ ಏನು ಬೀಳುವುದೋ ಬಲ್ಲವರಿಲ್ಲ. ಆದರೆ ಅದೇ ದಾಳವನ್ನು ಸಾವಿರಾರು ಸಲ ಎಸೆದರೆ ಅವಿಭಾಜ್ಯಗಳ ಪಾಲು ಅರ್ಧಕ್ಕೆ ಹತ್ತಿರ ಹತ್ತಿರವಾಗುತ್ತ ಬರುತ್ತದೆ. ಈ ಪ್ರಮೇಯವನ್ನು ಯಾಕೋಬ್ ಬರ್ನೌಲಿ ಸಾಧಿಸಿದನು. ಅದು ಪ್ರಕಟವಾದದ್ದು 1713ರಲ್ಲಿ, ಅವನು ತೀರಿಕೊಂಡ ಮೇಲೆ. ಆದುದರಿಂದ ನಿಯತವೂ ಅನಿಯತವೂ ನಾವು ಎಣಿಸಿದಷ್ಟು ದೂರದಲ್ಲಿಲ್ಲ. ಬಿಡಿಯಾಗಿ ನಿಶ್ಚಿತವಾದ ಅವಿಭಾಜ್ಯಗಳು ಸಮೂಹದಲ್ಲಿ ಆಕಸ್ಮಿಕದ ನಡೆಯನ್ನು ತೋರುತ್ತವೆ. ಬಿಡಿಯಾಗಿ ಆಕಸ್ಮಿಕವಾದ ಎಸೆತಗಳು ಸಮೂಹದಲ್ಲಿ ನಿಶ್ಚಿತದ ನಡೆಯನ್ನು ತೋರುತ್ತವೆ. ಜಗತ್ತನ್ನು ನಿಯತಿಯ ರಾಜ್ಯವೆಂದೋ ಆಕಸ್ಮಿಕದ ರಾಜ್ಯವೆಂದೋ ಒಂದೇ ಮಾತಿನಲ್ಲಿ ನಿರ್ಣಯಿಸಿ ಮುಗಿಸುವವನಿಗೆ ಈ ಎರಡು ಸಂಗತಿಗಳೂ ಅಡ್ಡ ನಿಲ್ಲುತ್ತವೆ.

ಈ ಮಾತನ್ನು ನಮ್ಮ ದರ್ಶನಗಳು ಬಹುಕಾಲದ ಹಿಂದೆಯೇ ಚರ್ಚಿಸಿವೆ. ಜಗತ್ಕಾರಣ ಯಾವುದೆಂದು ವಿಚಾರಿಸುವ ಶ್ವೇತಾಶ್ವತರೋಪನಿಷತ್ತು ತನ್ನ ಆರಂಭದಲ್ಲಿಯೇ ಕಾಲ, ಸ್ವಭಾವ, ನಿಯತಿ, ಯದೃಚ್ಛೆ, ಭೂತಗಳು, ಪುರುಷ ಎಂಬ ಪಕ್ಷಗಳನ್ನು ಸಾಲಾಗಿ ಇಟ್ಟು ಪರೀಕ್ಷಿಸುತ್ತದೆ. ಯದೃಚ್ಛೆಯನ್ನು, ಎಂದರೆ ಆಕಸ್ಮಿಕವನ್ನು, ವಿಚಾರಕ್ಕೆ ಅನರ್ಹವೆಂದು ಅದು ಬಾಗಿಲಲ್ಲಿಯೇ ತಡೆಯಲಿಲ್ಲ. ಮಕ್ಖಲಿ ಗೋಸಾಲನೂ ಅವನ ಆಜೀವಕರೂ ಎಲ್ಲವೂ ನಿಯತಿಯಿಂದಲೇ ಆಗುವುದೆಂದೂ, ಪುರುಷಪ್ರಯತ್ನಕ್ಕೆ ಅಲ್ಲಿ ಎಡೆಯಿಲ್ಲವೆಂದೂ ವಾದಿಸಿದರು. ಮನುಷ್ಯನು ಅನುಭವಿಸುವ ಸುಖದುಃಖಗಳೆಲ್ಲ ಪೂರ್ವಕರ್ಮದ ಫಲವೇ ಅಲ್ಲವೇ ಎಂದು ಸೀವಕನೆಂಬ ಪರಿವ್ರಾಜಕನು ಬುದ್ಧನನ್ನು ಕೇಳಿದಾಗ, ಪಿತ್ತ, ಕಫ, ವಾತ, ಅವುಗಳ ಸನ್ನಿಪಾತ, ಋತುವಿನ ಬದಲಾವಣೆ, ಅಜಾಗರೂಕತೆ, ಪರರ ಹಲ್ಲೆ ಎಂಬ ಕಾರಣಗಳನ್ನು ಎಣಿಸಿ, ಕರ್ಮವಿಪಾಕವನ್ನು ಎಂಟನೆಯದಾಗಿ ಇಟ್ಟು, ಎಲ್ಲವೂ ಪೂರ್ವಕರ್ಮವೇ ಎಂಬವರು ಲೋಕಸಿದ್ಧವಾದ ಸತ್ಯವನ್ನು ಮೀರಿ ಹೋಗುತ್ತಾರೆಂದು ಬುದ್ಧನು ಉತ್ತರವಿತ್ತನು. ಕರ್ಮವನ್ನು ಸ್ವಯಂ ಬೋಧಿಸಿದ ಗುರುವೇ ಕರ್ಮದ ಹೆಸರಿನಲ್ಲಿ ಎಲ್ಲವನ್ನೂ ವಿವರಿಸಬೇಡಿರೆಂದು ಕಟ್ಟಪ್ಪಣೆ ಮಾಡಿದ್ದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಆ ಬುದ್ಧನ ಧರ್ಮವು ಚಿತ್ತಾಪುರದ ಸೀಮೆಯಲ್ಲಿ ಭೀಮಾನದಿಯ ತಡಿಯ ಸನ್ನತಿಯಲ್ಲಿ ಬೇರೂರಿತ್ತು. ಅಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳೀಗುಡಿಯ ಮಾಡು 1986ರಲ್ಲಿ ಕುಸಿದು ಬಿದ್ದಾಗ, ವಿಗ್ರಹದ ಪೀಠವಾಗಿದ್ದ ಶಿಲೆಯು ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ಮಾಡು ಕುಸಿದದ್ದು ಆಕಸ್ಮಿಕ. ಆ ಕಲ್ಲಿನ ಮೇಲಿನ ಬರಹ ಆಕಸ್ಮಿಕವಲ್ಲ, ಚಕ್ರವರ್ತಿಯೊಬ್ಬನು ಬಹಳವಾಗಿ ಯೋಚಿಸಿ ಬರೆಯಿಸಿದ್ದು. ಅದರಲ್ಲಿರುವ ಹನ್ನೆರಡನೆಯ ಶಾಸನವು ತನ್ನ ಪಂಥವನ್ನು ಹೊಗಳುವುದರಲ್ಲಿಯೂ ಪರಪಂಥವನ್ನು ಹಳಿಯುವುದರಲ್ಲಿಯೂ ನಾಲಗೆಯನ್ನು ಹಿಡಿತದಲ್ಲಿಡಬೇಕೆಂದೂ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕೆಂದೂ ಉಪದೇಶಿಸುತ್ತದೆ. ತಿಳಿದಷ್ಟಕ್ಕೆ ಮಾತನ್ನು ಮಿತಗೊಳಿಸುವ ವ್ರತವನ್ನು ಬೌದ್ಧನಾದ ಅರಸನು ಕಲ್ಲಿನಲ್ಲಿ ಕೆತ್ತಿಸಿದ ಸೀಮೆಯಲ್ಲಿಯೇ, ಶತಮಾನಗಳ ಬಳಿಕ ಜೈನ ಪಂಡಿತರು ಅದನ್ನು ತರ್ಕಶಾಸ್ತ್ರವಾಗಿ ಬೆಳೆಸಿದರು.

ಆ ತರ್ಕವೇ ಸ್ಯಾದ್ವಾದ. ವಸ್ತುವು ಒಂದು ಅಪೇಕ್ಷೆಯಿಂದ ಇದೆ, ಒಂದು ಅಪೇಕ್ಷೆಯಿಂದ ಇಲ್ಲ, ಒಂದು ಅಪೇಕ್ಷೆಯಿಂದ ಅವಕ್ತವ್ಯ, ಎಂದರೆ ನುಡಿಯಲಾಗದ್ದು, ಎಂದು ಆರಂಭವಾಗಿ, ಇವುಗಳ ಸಂಯೋಗಗಳಿಂದ ಏಳು ಭಂಗಿಗಳಾಗುತ್ತವೆ. ಮೂರು ಮೂಲಗಳಿಂದ ಏಳೇ ಭೇದಗಳಾಗುವುದಕ್ಕೂ ಮಹಾವೀರಾಚಾರ್ಯನ ಸೂತ್ರವೇ ಸಾಕ್ಷಿ. ಇದನ್ನು ಸಂಶಯವಾದವೆಂದು ತಿಳಿಯುವವರು ದಾರಿ ತಪ್ಪುತ್ತಾರೆ. ಸಂಶಯಗ್ರಸ್ತನಿಗೆ ಯಾವ ಉತ್ತರವೂ ಇಲ್ಲ. ಸ್ಯಾದ್ವಾದಿಗೆ ಒಂದೊಂದು ಅಪೇಕ್ಷೆಗೆ ಒಂದೊಂದು ಖಚಿತವಾದ ಉತ್ತರವಿದೆ. ದಾಳದಲ್ಲಿ ಅವಿಭಾಜ್ಯ ಬೀಳುವುದೋ ಇಲ್ಲವೋ ಎಂಬುದು ನನಗೆ ತಿಳಿಯದು. ಬೀಳುವ ಸಂಭವನೀಯತೆ ಅರ್ಧವೆಂಬುದು ನನಗೆ ಖಚಿತವಾಗಿ ತಿಳಿದಿದೆ. ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1954ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ನಾಣ್ಯವನ್ನು ಚಿಮ್ಮುವ ಉದಾಹರಣೆಯನ್ನು ಹಿಡಿದು, ಅವಕ್ತವ್ಯವೆಂಬ ಭಂಗಿಯಲ್ಲಿ ಆಧುನಿಕ ಸಂಭವನೀಯತೆಯ ತಾರ್ಕಿಕ ಭೂಮಿಕೆಯನ್ನು ಗುರುತಿಸಿದರು. ಮೂರು ವರ್ಷಗಳ ತರುವಾಯ ಜೀವವಿಜ್ಞಾನಿ ಹಾಲ್ಡೇನ್ ಅವರೂ ಸಪ್ತಭಂಗಿಯನ್ನು ವೈಜ್ಞಾನಿಕ ದೃಷ್ಟಿಯಿಂದ ವಿವೇಚಿಸಿದರು. ಜೈನಾಚಾರ್ಯರು ಸಂಭವನೀಯತೆಗೆ ಅಂಕಿಯನ್ನು ಕೊಟ್ಟಿದ್ದರೆಂದು ಇದರಿಂದ ಹೇಳಲಾಗದು. ಅಂಕಿಯನ್ನು ಕೊಡುವುದಕ್ಕೆ ಬೇಕಾದ ಎಣಿಕೆಯನ್ನೂ, ಅಂಥ ಅಂಕಿಗೆ ಅರ್ಥವನ್ನು ಕೊಡುವುದಕ್ಕೆ ಬೇಕಾದ ತರ್ಕವನ್ನೂ ಅವರು ಬೇರೆಬೇರೆಯಾಗಿ ಸಿದ್ಧಪಡಿಸಿದ್ದರೆಂಬುದು ಮಾತ್ರ ದಿಟ.

ಇಲ್ಲಿ ಭಕ್ತನಾದವನು ಒಂದು ಪ್ರಶ್ನೆಯನ್ನು ಎತ್ತಬಹುದು. ಮಳಖೇಡದಲ್ಲಿಯೇ ಉತ್ತರಾದಿ ಮಠದಲ್ಲಿ ಟೀಕಾಚಾರ್ಯರೆಂದು ಕೀರ್ತಿತರಾದ ಜಯತೀರ್ಥರ ವೃಂದಾವನಕ್ಕೆ ಪೂಜೆ ಸಲ್ಲುತ್ತದೆ. ಅವರು ವಿವರಿಸಿದ ಮಧ್ವಮತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು, ಮಿಕ್ಕ ಸಮಸ್ತವೂ ಅವನ ಅಧೀನ. ಹಾಗಿದ್ದ ಮೇಲೆ ದಾಳವೂ ಅವನ ಅಧೀನವೇ ಅಲ್ಲವೇ? ಅರ್ಧವೆಂಬ ಲೆಕ್ಕವು ಅವನ ಸಂಕಲ್ಪವನ್ನು ಅಲ್ಲಗಳೆದಂತೆ ಆಗುವುದಿಲ್ಲವೇ? ಗೀತೆಯ ವಿಭೂತಿಯೋಗದಲ್ಲಿ ವಂಚಿಸುವವುಗಳಲ್ಲಿ ದ್ಯೂತವೂ ತಾನೇ ಎಂದು ಭಗವಂತನು ಹೇಳಿಕೊಂಡಿರುವುದನ್ನು ನೆನೆದರೆ ಈ ಪ್ರಶ್ನೆ ಇನ್ನೂ ಗಂಭೀರವಾಗುತ್ತದೆ. ಆದರೆ ಅರ್ಧವೆಂದ ಗಣಿತಜ್ಞನು ಭಗವಂತನ ಸಂಕಲ್ಪವನ್ನು ಕುರಿತು ಏನನ್ನೂ ಹೇಳಲಿಲ್ಲ. ಆ ಸಂಕಲ್ಪವು ತನಗೆ ಕಾಣದೆಂಬುದನ್ನು ಮಾತ್ರ ಅಳತೆಗೆ ಹಿಡಿದು ಹೇಳಿದನು. ಸರ್ವಜ್ಞನಿಗೆ, ಜೈನರ ಭಾಷೆಯಲ್ಲಿ ಕೇವಲಜ್ಞಾನಿಗೆ, ಸಂಭವನೀಯತೆಯಿಲ್ಲ; ಬೀಳುವ ಮುಖವು ಬಿದ್ದ ಮುಖದಂತೆಯೇ ಅವನಿಗೆ ಗೋಚರ. ಸಂಭವನೀಯತೆಯು ಜೀವನಿಗೆ, ಪರತಂತ್ರನಿಗೆ, ಅಲ್ಪಜ್ಞನಿಗೆ ವಿಹಿತವಾದ ವಿದ್ಯೆ. ತಾನು ಅಲ್ಪಜ್ಞನೆಂದು ಒಪ್ಪಿ, ಆ ಅಲ್ಪತೆಯೊಳಗೆ ಎಷ್ಟು ದೂರ ನಡೆಯಬಹುದೋ ಅಷ್ಟು ದೂರವನ್ನು ನ್ಯಾಯವಾಗಿ ನಡೆಯುವವನ ವಿದ್ಯೆಯದು. ಆಸ್ತಿಕನಿಗೆ ಇದರಲ್ಲಿ ಅಧೀರನಾಗುವುದಕ್ಕೆ ಕಾರಣವಿಲ್ಲ. ಬದಲಾಗಿ, ಬಿದ್ದ ಮುಖವೊಂದನ್ನು ಕಂಡು ಭಗವಂತನ ಮನಸ್ಸನ್ನು ಓದಿಬಿಟ್ಟೆನೆಂದು ಹೇಳಿಕೊಳ್ಳುವವನನ್ನು ಕಂಡಾಗಲೇ ಅವನು ಎಚ್ಚರಗೊಳ್ಳತಕ್ಕದ್ದು.

ಮಹಾಭಾರತದ ನಳೋಪಾಖ್ಯಾನವು ಈ ವಿದ್ಯೆಯ ಬಿಡುಗಡೆಯ ಶಕ್ತಿಯನ್ನು ಕಥೆಯಾಗಿ ಹೇಳಿದೆ. ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡು, ಸಾರಥಿಯಾಗಿ ಬಾಳುತ್ತಿದ್ದ ನಳನು ಋತುಪರ್ಣರಾಜನನ್ನು ರಥದಲ್ಲಿ ಒಯ್ಯುತ್ತಿರುವಾಗ, ಆ ರಾಜನು ತಾರೆಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಕಾಯಿಗಳೂ ಇವೆಯೆಂದು ಹೇಳುತ್ತಾನೆ. ನಳನು ಮಾತಿಗೆ ತಲೆದೂಗಿ ಮುಂದೆ ಹೋಗಲಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿ, ಲೆಕ್ಕ ಸರಿಯಾದುದನ್ನು ಕಂಡ ಬಳಿಕವೇ ನಂಬಿದನು. ಆಗ ಋತುಪರ್ಣನು ತನಗೆ ಸಂಖ್ಯೆಯ ವಿದ್ಯೆಯೂ ಅಕ್ಷಹೃದಯವೆಂಬ ದಾಳದ ರಹಸ್ಯವೂ ತಿಳಿದಿದೆಯೆಂದು ಹೇಳಿ, ಅದನ್ನು ನಳನಿಗೆ ಉಪದೇಶಿಸಿದನು. ಉಪದೇಶವಾದ ಒಡನೆ ಬಹುಕಾಲದಿಂದ ನಳನ ಮೈಯೊಳಗಿದ್ದ ಕಲಿಪುರುಷನು ಹೊರಬಿದ್ದು ತಾರೆಮರದಲ್ಲಿ ಅಡಗಿದನು. ಕಲಿಯನ್ನು ಬಿಡಿಸಿದ್ದು ಮಂತ್ರವಲ್ಲ, ಬಲಿಯಲ್ಲ, ಎಣಿಕೆ ಮತ್ತು ಎಣಿಕೆಯ ಪರೀಕ್ಷೆ. ಜೂಜಿನ ಮೋಹವೆಂಬುದು ಸಂಖ್ಯೆಯ ವಿಷಯದಲ್ಲಿ ಇರುವ ಅಜ್ಞಾನದಿಂದ ಹುಟ್ಟಿದ್ದಾದರೆ, ಸಂಖ್ಯೆಯ ಜ್ಞಾನದಿಂದಲೇ ಅದು ಹೋಗಬೇಕು. ಪುರಾಣಕಾರನು ಹೇಳಿದ ಈ ಮಾತು ಈ ಹೊತ್ತಿಗೂ ನಮ್ಮ ಊರುಗಳಲ್ಲಿ ಬೇಕಾಗಿದೆ. ಮಟ್ಕಾದ ಅಂಕಿ ನಾಲ್ಕು ದಿನ ಬರಲಿಲ್ಲವಾದುದರಿಂದ ಐದನೆಯ ದಿನ ಬಂದೇ ಬರುವುದೆಂದು ಕೂಲಿಯ ದುಡ್ಡನ್ನು ಇಟ್ಟು ಕಳೆಯುವವನಿಗೆ, ದಾಳಕ್ಕೆ ನೆನಪಿಲ್ಲವೆಂಬ, ಮುಂದಿನ ಎಸೆತವು ಹಿಂದಿನ ಎಸೆತಕ್ಕೆ ಋಣಿಯಲ್ಲವೆಂಬ ಒಂದೇ ತತ್ತ್ವವನ್ನು ಚೆನ್ನಾಗಿ ಮನಗಾಣಿಸಿದರೆ ಅದು ಹಲವು ಉಪದೇಶಗಳಿಗಿಂತ ಮಿಗಿಲಾಗಿ ಅವನ ಮನೆಯನ್ನು ಉಳಿಸೀತು.

ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದ ಇನ್ನೊಂದು ಪ್ರಯೋಜನವನ್ನು ಹೇಳಿ ಈ ವಿಚಾರವನ್ನು ಮುಗಿಸುತ್ತೇನೆ. ಈ ಸೀಮೆಯ ಒಕ್ಕಲಿಗರಲ್ಲಿ ಬಹುಮಂದಿ ಮಳೆಯನ್ನು ನಂಬಿ ತೊಗರಿ ಬಿತ್ತುವವರು. ಬಿತ್ತಿದ ಬಳಿಕ ಮಳೆ ಕೈಕೊಡಬಹುದು, ಹೂ ಕಟ್ಟುವ ಹೊತ್ತಿಗೆ ಮೋಡ ಮುಸುಕಬಹುದು, ಬೆಳೆ ಬಂದ ವರ್ಷವೇ ಬೆಲೆ ಬೀಳಬಹುದು. ಅದೇ ಬೀಜ, ಅದೇ ದುಡಿಮೆ, ಅದೇ ಭೂಮಿ; ಒಬ್ಬನಿಗೆ ಕೃತ, ಒಬ್ಬನಿಗೆ ಕಲಿ. ಕಲಿ ಬಿದ್ದವನ ಬಾಗಿಲಿಗೆ ಹೋಗಿ ಅವನ ಪಾಪವನ್ನು ಎಣಿಸುವ ಅಭ್ಯಾಸವೊಂದು ನಮ್ಮ ಸಮಾಜದಲ್ಲಿ ಬೇರುಬಿಟ್ಟಿದೆ: ಎಲ್ಲಿ ತಪ್ಪಿ ನಡೆದನೋ, ಯಾವ ಹರಕೆ ಬಾಕಿಯೋ, ಯಾವ ಜನ್ಮದ ಫಲವೋ ಎಂದು. ಮಗುವನ್ನು ಕಳೆದುಕೊಂಡ ತಾಯಿಗೂ, ರೋಗ ಬಿದ್ದ ಮನೆಗೂ ಇದೇ ಮಾತು ಕೇಳಿಬರುತ್ತದೆ. ಇದು ಧರ್ಮದ ಮಾತೆಂದು ಆಡುವವರು ತಿಳಿದಿದ್ದಾರೆ. ನಿಜವಾಗಿ ಇದು ಲೆಕ್ಕದಲ್ಲಿಯೂ ಧರ್ಮದಲ್ಲಿಯೂ ತಪ್ಪು. ಒಂದು ಎಸೆತದಲ್ಲಿ ಬಿದ್ದ ಮುಖವು ಎಸೆದವನ ಶೀಲಕ್ಕೆ ಸಾಕ್ಷಿಯಾಗಲಾರದು. ಸಾಕ್ಷಿಯಾಗುವುದಾದರೆ ಸಭಾಪರ್ವದ ದ್ಯೂತದಲ್ಲಿ ಗೆದ್ದ ಶಕುನಿಯು ಧರ್ಮಿಷ್ಠನೂ ಸೋತ ಯುಧಿಷ್ಠಿರನು ಅಧರ್ಮಿಯೂ ಆಗಬೇಕಾದೀತು. ಪಾಪಪುಣ್ಯಗಳಿಲ್ಲವೆಂದು ನಾನು ಹೇಳುತ್ತಿಲ್ಲ, ಕರ್ಮಫಲವಿಲ್ಲವೆಂದೂ ಹೇಳುತ್ತಿಲ್ಲ. ಬಿದ್ದ ಮುಖದಿಂದ ಹಿಂದಕ್ಕೆ ಎಣಿಸಿ ಪರರ ಕರ್ಮವನ್ನು ನಿರ್ಣಯಿಸುವ ಅಧಿಕಾರ ಅಲ್ಪಜ್ಞರಾದ ನಮಗಿಲ್ಲವೆಂಬುದಷ್ಟೇ ನನ್ನ ಪಕ್ಷ. ಆ ಅಧಿಕಾರವನ್ನು ಕಿತ್ತುಕೊಳ್ಳುವುದು ಜ್ಞಾನದಲ್ಲಿ ಅಹಂಕಾರ, ನಡೆಯಲ್ಲಿ ಹಿಂಸೆ.

ಅಮೋಘವರ್ಷನ ಪ್ರಜೆಗಳಿಗೆ ಒಮ್ಮೆ ವಿಪತ್ತೊಂದು ಒದಗಿದಾಗ ಅದರ ಶಾಂತಿಗಾಗಿ ಆತನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನವು ಹೇಳುತ್ತದೆ. ಆ ಕಾರ್ಯವನ್ನು ಈ ಕಾಲದವರು ಹೇಗೆ ಬೇಕಾದರೂ ವಿಮರ್ಶಿಸಲಿ. ಅದರ ದಿಕ್ಕನ್ನು ಗಮನಿಸಬೇಕೆಂದು ನನ್ನ ಬಿನ್ನಹ. ವಿಪತ್ತು ಬಂದಾಗ ಅವನು ಪ್ರಜೆಗಳ ಪಾಪವನ್ನು ಲೆಕ್ಕ ಹಾಕಲಿಲ್ಲ. ತನ್ನಿಂದ ಸಲ್ಲಬೇಕಾದುದು ಏನೆಂದು ಕೇಳಿಕೊಂಡನು. ಲೆಕ್ಕವನ್ನು ಕಲಿಸಿದ ಮಹಾವೀರಾಚಾರ್ಯನೂ ಹೊಣೆಯನ್ನು ಹೊತ್ತ ಅರಸನೂ ಒಂದೇ ಕಾಲದವರು, ಒಂದೇ ರಾಜ್ಯದವರು. ಅವರಿಬ್ಬರ ಪಾಠಗಳು ಕೂಡಿದಾಗಲೇ ಪೂರ್ಣ. ಎಣಿಸಬಲ್ಲುದನ್ನು ಸೋಮಾರಿತನವಿಲ್ಲದೆ ಎಣಿಸಬೇಕು; ಎಣಿಕೆಯ ಆಚೆಗೆ ಉಳಿದುದನ್ನು ಉಳಿಯಿತೆಂದು ಒಪ್ಪಿ, ಅದರ ಅಳತೆಯನ್ನು ಹೇಳಿ ನಿಲ್ಲಬೇಕು; ಆ ಉಳಿಕೆಯ ಹೊಡೆತಕ್ಕೆ ಸಿಕ್ಕವನನ್ನು ಕಂಡಾಗ ವಿಚಾರಣೆಯನ್ನು ಬಿಟ್ಟು ನೆರವಿಗೆ ಹೋಗಬೇಕು. ಅರ್ಧವೆಂದು ಉತ್ತರ ಬರೆದ ವಿದ್ಯಾರ್ಥಿಗೆ ನಮ್ಮ ಉಪಾಧ್ಯಾಯರು ಅಂಕವನ್ನು ಕೊಡುವುದರ ಜೊತೆಗೆ ಈ ಮೂರು ಮಾತುಗಳನ್ನೂ ಹೇಳಿಕೊಟ್ಟರೆ, ಗಣಿತದ ತರಗತಿಯಲ್ಲಿಯೇ ಧರ್ಮದ ಪಾಠವೂ ನಡೆದಂತಾಗುವುದು.